ಐಸ್ ಫ್ಯಾಕ್ಟರಿಯಿಂದ ಎರಡು ಅಡ್ಡರಸ್ತೆ ಮೇಲೆ

ಯಾವ ಪ್ಯಾಂಟು ಹಾಕಿಕೊಳ್ಳುವುದೆಂದು ಇಲಾರಿಯೋ ಬೆಳಿಗ್ಗೆ ಆರರಿಂದ ಯೋಚಿಸುತ್ತಿದ್ದ. ಮಂಚದ ಮೇಲೆ ಎಂಟು ಪ್ಯಾಂಟುಗಳು ಬಿದ್ದಿದ್ದವು. ಎಂಟೂ ಇಸ್ತ್ರಿಯಾದವು, ಒಂದರಲ್ಲೂ ಹೊಲಿಗೆ ಬಿಟ್ಟಿರಲಿಲ್ಲ. ಇಪ್ಪತ್ತೆಂಟು ವರ್ಷದಿಂದ ಲೆಯೋನ್ ಊರಿನ ಬೀದಿ ಬೀದಿ ಅಲೆದು ಕಾಗದ ಹಂಚುತ್ತಿರುವ ಅಂಚೆಯವನಿಗೆ ಎಂಟು ಪ್ಯಾಂಟು ಇರುವುದು ಅಂಥ ದೊಡ್ಡ ಸಂಗತಿಯೇನಲ್ಲ, ಆದರೆ ಅವನ ಹೆಂಡತಿ ಅಂಪಾರೋಳಿಗೆ ಇದು ಮದುವೆಯಾದಾಗಿನಿಂದ ಬಿಡಿಸಲಾಗದ ಒಗಟು. ಕೂತೆದ್ದು ಹಿಂಭಾಗ ಸ್ವಲ್ಪ ಸವೆದರೂ ಸಾಕು, ಆ ಪ್ಯಾಂಟು ಮಡಿಕೆಯಾಗಿ ಇಗರ್ಜಿಯ ದಾನದ ಬಟ್ಟೆಪೆಟ್ಟಿಗೆ ಸೇರುತ್ತಿತ್ತು. ಒಂದು ತೇಪೆ ಹಾಕಿಕೊಡ್ತೀನಿ, ಇನ್ನೂ ಎರಡು ವರ್ಷ ಬರುತ್ತೆ ಎಂದು ಅವಳು ಹೇಳಿದಾಗಲೆಲ್ಲ ಅವನು ಕಿವುಡನಂತೆ ಇರುತ್ತಿದ್ದ. ಜಗಳವಾಡುವ ಮನುಷ್ಯನಲ್ಲ, ಸಾರಿಗೆ ಉಪ್ಪಿಲ್ಲದಿದ್ದರೂ ಉಂಡು ಏಳುವವನು. ಈ ಒಂದು ವಿಷಯದಲ್ಲಿ ಮಾತ್ರ ಹಟ. ಈಗ ಅವಳು ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಏನ್ ಮುದುಕಾ, ಹೆಣ್ಣು ನೋಡೋಕೆ ಹೊರಟಿದ್ದೀಯಾ? ಬರ್ತಿರೋದು ಎಪ್ಪತ್ತರ ಹತ್ತಿರದ ಅಜ್ಜಿ. ನಿನ್ನ ಪ್ಯಾಂಟು ನೋಡೋಕೆ ಅಂತ ಬೆಟ್ಟ ಇಳಿದು ಬರ್ತಿಲ್ಲ ಅವಳು."

"ಗೊತ್ತು."

"ಗೊತ್ತಿದ್ರೆ ಯಾವುದೋ ಒಂದು ಹಾಕ್ಕೋ. ಕಾಫಿ ಆರ್ತಾ ಇದೆ."

ತಿಳಿಬೂದು ಬಣ್ಣದ್ದನ್ನು ಹಾಕಿಕೊಂಡು ಅವನು ಕನ್ನಡಿಗೆ ಬೆನ್ನು ಕೊಟ್ಟು ನಿಂತು, ಕತ್ತು ಹೊರಳಿಸಿ ತನ್ನ ಹಿಂಭಾಗವನ್ನು ನೋಡಿಕೊಂಡ. ಐವತ್ತೆರಡು ವರ್ಷದ ಗಂಡಸು ಹೀಗೆ ಮಾಡುವುದನ್ನು ಯಾರಾದರೂ ನೋಡಿದರೆ ಬಿದ್ದು ಬಿದ್ದು ನಗುತ್ತಾರೆ ಎಂಬುದು ಅವನಿಗೂ ಗೊತ್ತಿತ್ತು. ಬಟ್ಟೆ ನಯವಾಗಿ, ಒಂದೇ ಬಣ್ಣವಾಗಿ ಇತ್ತು. ಅದರ ಮೇಲೆ ನಿಧಾನವಾಗಿ ಒಂದು ಕಂದು ಚೌಕ ಮೂಡಿಬಂತು, ಎರಡು ಅಂಗೈ ಅಗಲದ್ದು, ಮೂವತ್ತು ವರ್ಷದ ಹಿಂದಿನ ನೀಲಿ ಪ್ಯಾಂಟಿನ ಮೇಲಿದ್ದದ್ದು. ತೀರಿಹೋದ ಅಪ್ಪನ ಕೋಟಿನಿಂದ ಅಮ್ಮ ಕತ್ತರಿಸಿ ಹಾಕಿದ ತೇಪೆ ಅದು. ಅವಳ ಹೊಲಿಗೆ ಊರಿಗೇ ಹೆಸರುವಾಸಿ, ಒಂದೊಂದು ಹೊಲಿಗೆಯೂ ಅಕ್ಕಿಕಾಳಿನಂತೆ ಒಂದೇ ಸಮ. ಅಷ್ಟು ಚೆಂದವಾಗಿ ಹೊಲಿದಿದ್ದರಿಂದಲೇ ಅದು ದೂರದಿಂದಲೂ ಕಣ್ಣಿಗೆ ಹೊಡೆಯುತ್ತಿತ್ತು. ಬೇಕರಿಯ ಹಿಂದಿನ ಕೋಣೆಯಲ್ಲಿ ಅವನು ಆ ತೇಪೆಯನ್ನು ಬಾಗಿಲ ಕಡೆಗೆ ತಿರುಗಿಸಿಟ್ಟುಕೊಂಡು, ಎದೆಯನ್ನು ಬೆಟ್ಟದಿಂದ ಬಂದ ಹುಡುಗಿಯ ಕಡೆಗೆ ಮಾಡಿ ನಿಂತಿದ್ದ. ಇಪ್ಪತ್ತೆರಡು ವರ್ಷ ಅವನಿಗೆ. ಅವಳು ಹಿಟ್ಟಿನ ಮೂಟೆಗಳಿಗೆ ಬೆನ್ನು ಆನಿಸಿ ನಿಂತವಳು ಮಾತು ಮುಗಿಯುವವರೆಗೂ ಕದಲಿರಲಿಲ್ಲ. ಬೆಟ್ಟದಲ್ಲಿ ತರಬೇತಿಯಾದವರ ಎಚ್ಚರ ಅಂದರೆ ಹೀಗಿರಬೇಕು ಎಂದುಕೊಂಡಿದ್ದ ಅವನು. ಹೆಸರು ನೋರಾ ಎಂದಳು. ಅದು ನಿಜವಾದ ಹೆಸರಲ್ಲ, ಆಗ ಯಾರೂ ನಿಜವಾದ ಹೆಸರು ಹೇಳುತ್ತಿರಲಿಲ್ಲ. ಒಂದು ಸಲ ನಕ್ಕಳು, ಎದುರಿನ ಎರಡು ಹಲ್ಲುಗಳ ನಡುವೆ ಸಣ್ಣ ಸಂದು. ಅಂಪಾರೋ ಅಡುಗೆಮನೆಯಿಂದ ಮತ್ತೊಮ್ಮೆ ಕಾಫಿ ಎಂದು ಕೂಗಿದಳು.

ಬೇಕರಿಯ ಸಂಗತಿ ಒಟ್ಟು ಎರಡು ನಿಮಿಷದ್ದು. ಜೂನ್ ತಿಂಗಳು. ಊರಿನ ಮೂಲೆಮೂಲೆಯಲ್ಲಿ ಸರ್ವಾಧಿಕಾರಿಯ ಸೈನಿಕರಾದ ಗಾರ್ಡಿನವರ ಜೀಪುಗಳು ನಿಂತಿದ್ದವು. ಗೋಡೆಗೋಡೆಗೂ ಕಿವಿ, ಹಾಗೆಂದೇ ನಾವು ಸುಳಿವು ಕೊಡುವವರನ್ನು ಕಿವಿಗಳು ಎಂದು ಕರೆಯುತ್ತಿದ್ದೆವು. ದಂಗೆಯೆದ್ದಿದ್ದ ಬೆಟ್ಟದ ಹುಡುಗರು ಇನ್ನು ನಾಲ್ಕೈದು ದಿನಗಳಲ್ಲಿ ಊರಿನ ಮೇಲೆ ಇಳಿಯುವವರಿದ್ದರು, ಯಾವ ದಿನ ಎಂಬುದನ್ನು ಹಸಿರು ಬಾಗಿಲಿನ ಮನೆಯಲ್ಲಿ ಅಡಗಿದ್ದ ಏಳು ಜನಕ್ಕೆ ತಿಳಿಸಲು ಅವಳು ಬಸ್ಸು ಹತ್ತಿ ಬಂದಿದ್ದಳು. ಚೀಟಿಯಿಲ್ಲ, ಎಲ್ಲವೂ ಬಾಯಲ್ಲೇ. ವಿಳಾಸವನ್ನೂ ಬರೆದುಕೊಡುವಂತಿರಲಿಲ್ಲ. "ಐಸ್ ಫ್ಯಾಕ್ಟರಿಯಿಂದ ಎರಡು ಅಡ್ಡರಸ್ತೆ ಮೇಲೆ. ಬಲಗಡೆ. ಹಸಿರು ಬಾಗಿಲು," ಎಂದ ಅವನು. ಅವಳು ಶಾಲೆಯ ಮಗುವಿನಂತೆ ಎರಡು ಸಲ ಒಪ್ಪಿಸಿದಳು. ನಮ್ಮಲ್ಲಿ ಸೂರ್ಯ ಹುಟ್ಟುವ ಕಡೆ ಮೇಲೆ, ಮುಳುಗುವ ಕಡೆ ಕೆಳಗೆ, ಅಷ್ಟು ಅವಳಿಗೆ ಗೊತ್ತಿತ್ತು. ಆಮೇಲೆ ಕೇಳಿದಳು: "ನೀನು ಮುಂದೆ ನಡಿ. ನಾನು ಹತ್ತು ಹೆಜ್ಜೆ ಹಿಂದೆ ಬರ್ತೀನಿ." ಕೇಳಬೇಕಾದ ಮಾತೇ, ಕ್ರಮವೂ ಹಾಗೇ ಇತ್ತು: ಊರಿನವನು ಮುಂದೆ, ಹೊರಗಿನವರು ಹಿಂದೆ. ಅವನ ಕಣ್ಣ ಮುಂದೆ ಎರಡು ಫರ್ಲಾಂಗು ಬೀದಿಯೂ ಅದರುದ್ದಕ್ಕೂ ತನ್ನ ಹಿಂಭಾಗದಲ್ಲಿ ಕುಣಿಯುತ್ತ ಹೋಗುವ ಕಂದು ತೇಪೆಯೂ ಅದರ ಮೇಲೆ ನೆಟ್ಟ ಅವಳ ಕಣ್ಣೂ ಬಂದುಬಿಟ್ಟವು. "ಬೇಡ. ಇಬ್ಬರನ್ನೂ ನೋಡಿದ್ರೆ ಅನುಮಾನ ಬರುತ್ತೆ. ಐಸ್ ಫ್ಯಾಕ್ಟರಿ ತಾನೇ, ಯಾರನ್ನ ಕೇಳಿದ್ರೂ ತೋರಿಸ್ತಾರೆ," ಎಂದ, ದೊಡ್ಡ ಕಮಾಂಡರನ ಗತ್ತಿನಲ್ಲಿ.

ಐಸ್ ಫ್ಯಾಕ್ಟರಿಯನ್ನು ಕೆಡವಿ ಆಗಲೇ ಐದು ವರ್ಷವಾಗಿತ್ತು.

ಅದು ಅವನಿಗೆ ಹೊಳೆಯಲೇ ಇಲ್ಲ. ಲೆಯೋನಿನಲ್ಲಿ ಹುಟ್ಟಿದ ಯಾರಿಗೂ ಹೊಳೆಯುತ್ತಿರಲಿಲ್ಲ. ಮನೆಗಳಿಗೆ ನಂಬರಿಲ್ಲದ ಊರು ನಮ್ಮದು. ಬಿದ್ದುಹೋದ ಟಾಕೀಸಿನಿಂದ ಒಂದು ಅಡ್ಡರಸ್ತೆ, ತಾತನ ಕಾಲದಲ್ಲೇ ಸತ್ತ ಡಾಕ್ಟರ ಶಾಪಿನ ಎದುರು, ಬಿರುಗಾಳಿಗೆ ಉರುಳಿದ ಮಾವಿನ ಮರದ ಪಕ್ಕ ಎಂದು ನಾವು ವಿಳಾಸ ಹೇಳುತ್ತೇವೆ, ಕಾಗದದ ಮೇಲೆ ಬರೆಯುತ್ತೇವೆ, ಕಾಗದ ಸರಿಯಾಗಿ ಬಂದು ತಲುಪುತ್ತದೆ. ಇಲ್ಲದ್ದನ್ನು ತೋರಿಸಿ ಇರುವುದನ್ನು ಹುಡುಕುವುದರಲ್ಲಿ ನಮಗೆ ವಿಚಿತ್ರವೇನೂ ಕಾಣುವುದಿಲ್ಲ. ಹೊರಗಿನವರು ಕಂಗಾಲಾದರೆ ನಗುತ್ತೇವೆ. ಇಲಾರಿಯೋ ದಂಗೆ ಗೆದ್ದ ಎರಡನೇ ವರ್ಷ ಅಂಚೆ ಕೆಲಸಕ್ಕೆ ಸೇರಿದ. ಸೇನೆ ಸೇರು, ಕಚೇರಿ ಸೇರು ಎಂದು ಜೊತೆಯವರು ಎಷ್ಟೋ ಹೇಳಿದ್ದರು. ಇಪ್ಪತ್ತೆಂಟು ವರ್ಷದಲ್ಲಿ ಅವನು ಒಂದೇ ಒಂದು ಕಾಗದವನ್ನು ತಪ್ಪು ಬಾಗಿಲಿಗೆ ಹಾಕಲಿಲ್ಲ ಎಂದು ಬಡಾವಣೆಯೇ ಹೊಗಳುತ್ತದೆ. ಹೊಗಳಿದಾಗಲೆಲ್ಲ ಅವನ ಮುಖ ಹುಳ್ಳಗಾಗುತ್ತದೆ, ವಿನಯ ಎಂದುಕೊಳ್ಳುತ್ತಾರೆ.

ಮಾರ್ಕೆಟ್ಟಿನ ಪಕ್ಕದ ಬಸ್‌ಸ್ಟ್ಯಾಂಡಿಗೆ ಅವನು ಒಂದು ಗಂಟೆ ಮುಂಚೆಯೇ ಹೋಗಿ ನಿಂತ. ನಗರಸಭೆಯ ಇತಿಹಾಸ ಸಮಿತಿಯ ಮೇಷ್ಟರು ಗುರುವಾರ ಫೋನು ಮಾಡಿ, ನೋರಾಳ ತಾಯಿ ಬರುತ್ತಿದ್ದಾಳೆ ಎಂದಿದ್ದರು. ಗೆಲುವಿನ ಮೂವತ್ತನೇ ವರ್ಷ ಇದು. ಬಡಾವಣೆಯ ಹುತಾತ್ಮರ ಚರಿತ್ರೆ ಮರುಮುದ್ರಣವಾಗುತ್ತಿತ್ತು, ನೋರಾ ಗುಂಡಿಗೆ ಬಿದ್ದ ಮೂಲೆಯಲ್ಲಿ ಕಲ್ಲೊಂದನ್ನು ಕೂರಿಸುವವರಿದ್ದರು. ತಾಯಿ ಸಮಾರಂಭಕ್ಕೆ ಬರಲ್ಲವಂತೆ, ಅದಕ್ಕೆ ಮೊದಲೇ ಬಂದು ಮಗಳನ್ನು ಕೊನೆಗೆ ನೋಡಿದವರ ಹತ್ತಿರ ಮಾತಾಡಬೇಕಂತೆ, ಅದು ನೀವೇ ತಾನೇ ದೋನ್ ಇಲಾರಿಯೋ, ಕಲ್ಲಿನ ಮೇಲೆ ಹಾಕೋ ಸಾಲು ಹಳೇದೇ ಇರಲಿ ಅಲ್ವಾ, ಎಂದಿದ್ದರು ಮೇಷ್ಟರು. ಹಳೆಯ ಸಾಲು ಎಂದರೆ ಅವನದೇ. ಗೆದ್ದ ಮೇಲೆ ಆಗಸ್ಟಿನಲ್ಲಿ ವರದಿ ಬರೆದುಕೊಳ್ಳುತ್ತಿದ್ದ ಸಂಗಾತಿ ತಲೆ ಎತ್ತದೆ ಕೇಳಿದ್ದ, ಆ ಉತ್ತರದ ಹುಡುಗಿ ಹೇಗೆ ಸಿಕ್ಕಿಬಿದ್ದಳು? ಇಲಾರಿಯೋ, ಊರು ಗೊತ್ತಿಲ್ಲದೆ ದಾರಿ ತಪ್ಪಿದಳು ಎಂದ. ಆ ಸಾಲು ಶವಪೆಟ್ಟಿಗೆಯ ಜೊತೆ ಅವಳೂರು ಹಿನೊತೇಗಾದ ಬೆಟ್ಟ ಹತ್ತಿತು. ಹತ್ತು ವರ್ಷದ ಹಿಂದೆ ಪುಸ್ತಕದಲ್ಲಿ ಅಚ್ಚಾಯಿತು. ಈಗ ಕಲ್ಲಿನಲ್ಲಿ ಕೊರೆಯುತ್ತಾರೆ. ಕಲ್ಲಿಗೆ ಬಿದ್ದಮೇಲೆ ಇನ್ನು ಅಳಿಸುವಂತಿಲ್ಲ ಎಂದು ಯೋಚಿಸುತ್ತ ಅವನು ಅಂಗೈ ಬೆವರನ್ನು ಕರ್ಚೀಫಿಗೆ ಒರೆಸಿಕೊಂಡ, ಪ್ಯಾಂಟಿಗಲ್ಲ.

ಬಸ್ಸಿನಿಂದ ಇಳಿದವಳನ್ನು ಗುರುತು ಹಿಡಿಯಲು ಕಷ್ಟವಾಗಲಿಲ್ಲ. ಬಿಸಿಲಿಗೆ ತಲೆ ಮೇಲೆ ಟವೆಲ್ ಹಾಕಿಕೊಂಡಿದ್ದಳು, ಕೈಯಲ್ಲಿ ಒಂದು ಚೀಲ, ಚೀಲದಿಂದ ಹುರಿದ ಕಾಫಿಯ ವಾಸನೆ. ಮುಗುಳ್ನಕ್ಕಾಗ ಎದುರಿನ ಹಲ್ಲುಗಳ ನಡುವೆ ಅದೇ ಸಂದು. 

"ನೀನೇನಾ ಅಂಚೆಯವನು? ನಾನು ತೊಮಾಸಾ. ನೀವೆಲ್ಲ ನೋರಾ ಅಂತಿದ್ದ ಕಾಂದೆಲಾರಿಯಾಳ ತಾಯಿ."

"ಬನ್ನಿ ದೋನ್ಯಾ ತೊಮಾಸಾ. ಮನೆಗೆ ಹೋಗೋಣ, ನನ್ನ ಹೆಂಡತಿ ನಕತಮಾಲ್ ಬೇಯಿಸಿಟ್ಟಿದ್ದಾಳೆ. ಊಟ ಮಾಡಿ, ಸ್ವಲ್ಪ ಮಲಗಿ, ಬಿಸಿಲು ಇಳಿದ ಮೇಲೆ..."

"ಊಟ ಆಮೇಲೆ ಮಗಾ. ಮೊದಲು ಆ ಜಾಗಕ್ಕೆ ಕರ್ಕೊಂಡು ಹೋಗು. ಹೊಟ್ಟೆ ತುಂಬಿಸ್ಕೊಂಡು ಹೋಗೋ ಜಾಗ ಅಲ್ಲ ಅದು."

ಸೈಕಲ್ ರಿಕ್ಷಾದವನು ಚಿನಂದೇಗಾ ಕಡೆಯ ದಢೂತಿ ಮನುಷ್ಯ, ನಾಲ್ಕು ವರ್ಷದಿಂದ ಇದೇ ಸ್ಟ್ಯಾಂಡಿನಲ್ಲಿ ಇದ್ದವನು. ಎಲ್ಲಿಗೆ ಎಂದು ಕೇಳಿದ. ಇಲಾರಿಯೋ ಯಾವಾಗಲೂ ಹೇಳುವಂತೆ ಹೇಳಿದ: ಔಷಧಿ ಅಂಗಡಿಯಿಂದ ಎರಡು ಅಡ್ಡರಸ್ತೆ ದಕ್ಷಿಣಕ್ಕೆ, ಅಲ್ಲಿಂದ ಮೂರು ಕೆಳಗೆ, ಮತ್ತೆ ಅರ್ಧ...

"ಹುಡುಗಿ ಬಿದ್ದ ಜಾಗ ಅನ್ನಿ ದೋನ್! ಸುತ್ತಿ ಬಳಸಿ ಮೂಗು ಹಿಡೀತೀರಲ್ಲ. ಈ ಊರಲ್ಲಿ ಹಾಗೆ ಹೇಳದವರು ನೀವೊಬ್ರೇ."

ಅದು ನಿಜ. ಅಂಚೆ ಕಚೇರಿಯ ಮೇಜಿನ ಮೇಲೆ ದಿನಾ ಬೆಳಿಗ್ಗೆ ಆ ವಿಳಾಸ ಅವನ ಕೈಗೆ ಬರುತ್ತಿತ್ತು. ಹುಡುಗಿ ಬಿದ್ದಲ್ಲಿಂದ ಒಂದು ಅಡ್ಡರಸ್ತೆ ಮೇಲೆ. ಹುಡುಗಿ ಬಿದ್ದಲ್ಲಿಂದ ನಾಲ್ಕನೇ ಮನೆ. ಕರೆಂಟಿನ ಬಿಲ್ಲು, ಮಯಾಮಿಯಿಂದ ಅಕ್ಕಂದಿರು ಬರೆದ ಕಾಗದ, ಮದುವೆಯ ಕರೆಯೋಲೆ, ಎಲ್ಲದರ ಮೇಲೂ ಅವಳು ಬೀಳುತ್ತಲೇ ಇದ್ದಳು. ಅವನು ಹಂಚಿದ್ದ. ಬಾಯಿಬಿಟ್ಟು ಮಾತ್ರ ಒಮ್ಮೆಯೂ ಹೇಳಿರಲಿಲ್ಲ.

"ಯಾವ ಹುಡುಗಿ?" ಎಂದಳು ದೋನ್ಯಾ ತೊಮಾಸಾ ರಿಕ್ಷಾದವನಿಗೆ.

"ಯಾರಿಗೆ ಗೊತ್ತಮ್ಮ. ಗಾರ್ಡಿನವರ ಕಾಲದ್ದು. ಎಲ್ಲರೂ ಹಾಗೇ ಅಂತಾರೆ, ನಾನೂ ಅಂತೀನಿ."

"ಎಲ್ಲರೂ?"

"ನಿಮ್ಮಾಣೆಗೂ. ಪಿಜ್ಜಾ ತರಿಸ್ಕೊಳ್ಳೋರೂ ಹಾಗೇ ಹೇಳ್ತಾರೆ."

ಅವಳು ಟವೆಲ್ಲನ್ನು ಸರಿಮಾಡಿಕೊಂಡು ಸ್ವಲ್ಪ ಹೊತ್ತು ಬೀದಿಯನ್ನು ನೋಡಿದಳು. "ಅವಳ ಹೆಸರು ಕಾಂದೆಲಾರಿಯಾ," ಎಂದಳು, ರಿಕ್ಷಾದವನ ಬೆನ್ನಿಗೆ. ಅವನಿಗೆ ಕೇಳಿಸಿತೋ ಇಲ್ಲವೋ, ಏದುಸಿರು ಬಿಡುತ್ತ ಪೆಡಲು ತುಳಿಯುತ್ತಿದ್ದ.

ಇಲಾರಿಯೋ ಅವಳನ್ನು ನೇರವಾಗಿ ಬಿದ್ದ ಜಾಗಕ್ಕೆ ಕರೆದುಕೊಂಡು ಹೋಗಿಬಿಡಬಹುದಿತ್ತು. ಅಲ್ಲಿ ಗೋಡೆಯಿತ್ತು, ಕಲ್ಲಿಗೆಂದು ಬಿಟ್ಟ ಗೂಡಿತ್ತು, ಎರಡು ನಿಮಿಷ ತಲೆ ಬಗ್ಗಿಸಿ ನಿಂತು ಮನೆಗೆ ಊಟಕ್ಕೆ ಹೋಗಬಹುದಿತ್ತು. ಅವನು ರಿಕ್ಷಾವನ್ನು ಒಂದು ಅಡ್ಡರಸ್ತೆ ಮೊದಲೇ ನಿಲ್ಲಿಸಿದ. ಯಾಕೆ ನಿಲ್ಲಿಸಿದೆನೆಂದು ಅವನಿಗೇ ತಿಳಿಯಲಿಲ್ಲ. ಇಪ್ಪತ್ತೆಂಟು ವರ್ಷ ಆ ಮೂಲೆಯನ್ನು ಹಾಯುವಾಗ ಹೆಗಲ ಮೇಲಿನ ಕಾಗದದ ಚೀಲವನ್ನು ಸರಿಮಾಡಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸುತ್ತಿದ್ದ, ಇವತ್ತು ಹೆಗಲ ಮೇಲೆ ಚೀಲವಿರಲಿಲ್ಲ. ಮೂಲೆಯಲ್ಲಿ ಈಗ ತೊರಿಬಿಯೋನ ಪಂಕ್ಚರ್ ಅಂಗಡಿ. ಅವಳ ಉಸಿರು ಮೇಲಾದದ್ದನ್ನು ಕಂಡು ತೊರಿಬಿಯೋ ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದ, ಒಂದು ತಂಬಿಗೆ ನೀರು ಕೊಟ್ಟ, ಮತ್ತೆ ಟ್ಯೂಬು ಉಜ್ಜಲು ಒಳಗೆ ಹೋದ. ಇನ್ನೊಂದು ಕುರ್ಚಿ ಇರಲಿಲ್ಲ. ಇಲಾರಿಯೋ ಪಕ್ಕದಲ್ಲಿ ಬಿದ್ದಿದ್ದ ಲಾರಿ ಟೈರಿನ ಮೇಲೆ ಕೂತ.

"ಇಲ್ಲೇನಾ?" ಎಂದಳು ಅವಳು.

"ಇಲ್ಲ. ಒಂದು ಅಡ್ಡರಸ್ತೆ ಕೆಳಗೆ. ಆ ಹಳದಿ ಗೋಡೆ ಕಾಣುತ್ತಲ್ಲ, ಅಲ್ಲಿ."

ಅವಳು ಹಳದಿ ಗೋಡೆಯನ್ನು ದಿಟ್ಟಿಸಿದಳು. ಎದ್ದು ಹೋಗುತ್ತಾಳೆ ಎಂದುಕೊಂಡ, ಹೋಗಲಿಲ್ಲ. ತಂಬಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅದರ ಅಂಚನ್ನು ಬೆರಳಿನಿಂದ ಸವರುತ್ತ ಕೂತಳು.

"ನನ್ನ ನಾದಿನಿ ಒಬ್ಬಳಿದ್ದಾಳೆ. ಅವಳ ಮಗನೂ ಆ ವರ್ಷವೇ ಹೋದ, ಎಸ್ತೆಲಿಯಲ್ಲಿ, ಕೈಯಲ್ಲಿ ಬಂದೂಕು ಹಿಡ್ಕೊಂಡು. ಪ್ರತಿ ಜುಲೈನಲ್ಲಿ ನಮ್ಮ ಪಾದ್ರಿ ಸತ್ತವರ ಹೆಸರು ಕೂಗ್ತಾರೆ, ನಾವೆಲ್ಲ 'ಇದ್ದಾರೆ' ಅಂತೀವಿ. ಆಮೇಲೆ ಕಾಫಿ ಕುಡೀತಾ ಅವಳು ನನ್ನ ಕೈ ಹಿಡ್ಕೊಂಡು ಹೇಳ್ತಾಳೆ, ಪಾಪ ಕಣೇ, ನಿನ್ನ ಮಗಳು ದಾರಿ ತಪ್ಪಿದ್ಲು ಅಂತ. ಮೂವತ್ತು ವರ್ಷದಿಂದ ಹೇಳ್ತಾಳೆ. ಪ್ರೀತಿಯಿಂದಾನೇ ಹೇಳ್ತಾಳೆ, ಅದಕ್ಕೇ ಬಯ್ಯೋಕೂ ಆಗಲ್ಲ."

ಇಲಾರಿಯೋ ನೆಲ ನೋಡುತ್ತಿದ್ದ.

"ನೀನು ಅವಳನ್ನ ನೋಡಿದೋನು, ನೀನು ಹೇಳು ಮಗಾ. ಆರು ವರ್ಷದವಳಿದ್ದಾಗಿಂದ ಕಾಫಿ ತೋಟಕ್ಕೆ ಅಪ್ಪಂಗೆ ಬುತ್ತಿ ಕೊಂಡೊಯ್ತಿದ್ಲು. ನಮ್ಮ ಕಡೆ ಮಂಜು ಇಳಿದ್ರೆ ಚಾಚಿದ ಕೈ ಕಾಣಲ್ಲ. ಒಂದು ದಿನಾನೂ ದಾರಿ ತಪ್ಪಲಿಲ್ಲ, ಬುತ್ತಿಯ ಬಿಸಿ ಆರ್ತಿರಲಿಲ್ಲ. ಅಂಥವಳು ಇಲ್ಲಿ, ಗೆರೆ ಎಳೆದಂಗಿರೋ ಈ ಬೀದಿಗಳಲ್ಲಿ, ಹಾಡುಹಗಲಲ್ಲಿ ದಾರಿ ತಪ್ಪಿದ್ಲು ಅಂದ್ರೆ ನಾನು ಹೇಗೆ ನಂಬ್ಲಿ? ಹೊಟ್ಟೆಗಿಲ್ಲದೆ ಕಣ್ಣು ಕತ್ತಲೆ ಬಂದಿತ್ತಾ? ಜ್ವರ ಇತ್ತಾ? ಹೊರಡೋ ದಿನ ನಾನು ಜಗಳ ಆಡಿದ್ದೆ, ಅದೇ ತಲೇಲಿತ್ತಾ? ಅದೊಂದು ಗೊತ್ತಾದ್ರೆ ಸಾಕು ನಂಗೆ. ಕಲ್ಲು ಗಿಲ್ಲು ನಿಮ್ಮ ಇಷ್ಟ."

ತೊರಿಬಿಯೋನ ಅಂಗಡಿಯೊಳಗೆ ರೇಡಿಯೋ ಬೇಸ್‌ಬಾಲ್ ಆಟವನ್ನು ಹೇಳುತ್ತಿತ್ತು. ಜ್ವರ ಇತ್ತು ಎಂದರೆ ಮುಗಿಯುತ್ತದೆ ಎಂದು ಇಲಾರಿಯೋಗೆ ಅನ್ನಿಸಿತು. ಹೌದಮ್ಮ, ಸ್ವಲ್ಪ ಮೈ ಬಿಸಿಯಿತ್ತು, ಅಷ್ಟೇ ಸಾಕು, ಈ ಮುದುಕಿ ನಿಟ್ಟುಸಿರು ಬಿಟ್ಟು ಎದ್ದು ಬಂದು ನಕತಮಾಲ್ ತಿನ್ನುತ್ತಾಳೆ, ಸಂಜೆಯ ಬಸ್ಸಿಗೆ ಹೋಗುತ್ತಾಳೆ. ಅಂಪಾರೋ ಅವಳಿಗೆ ದಾರಿಗೆಂದು ಬ್ರೆಡ್ಡು ಕಟ್ಟಿಕೊಡುತ್ತಾಳೆ. ನಾಳೆಯಿಂದ ತೊಮಾಸಾ ಊರಿಗೆಲ್ಲ ಹೇಳಿಕೊಂಡು ಓಡಾಡುತ್ತಾಳೆ, ನನ್ನ ಮಗಳಿಗೆ ಜ್ವರ ಇತ್ತಂತೆ ಎಂದು. ನಾದಿನಿ ಕೈ ಹಿಡಿದು, ಅಯ್ಯೋ ಪಾಪ ಜ್ವರ ಎನ್ನುತ್ತಾಳೆ. ತಲೆ ಎತ್ತಿದಾಗ ಅವಳು ಅವನನ್ನೇ ನೋಡುತ್ತಿದ್ದಳು, ಬೈಗುಳವಿಲ್ಲದ ಕಣ್ಣಿನಿಂದ, ಕಾಗದ ಬಂತಾ ಎಂದು ಬಾಗಿಲಲ್ಲಿ ನಿಂತು ಕೇಳುವವರ ಹಾಗೆ. ಆ ಕಣ್ಣು ಅವನಿಗೆ ಚೆನ್ನಾಗಿ ಗೊತ್ತು. ಕೈಯಲ್ಲಿ ಕಾಗದ ಇಟ್ಟುಕೊಂಡು ಅಂಥವರಿಗೆ ಇಲ್ಲ ಎಂದವನಲ್ಲ ಅವನು.

"ಅವಳು ದಾರಿ ತಪ್ಪಲಿಲ್ಲ," ಎಂದ.

ಮೊದಲ ಮಾತು ಬಿದ್ದಮೇಲೆ ಉಳಿದದ್ದು ತಾನಾಗಿ ಬಂತು. ಹಿಂದುಮುಂದಾಗಿ ಬಂತು, ಕೆಲವು ಎರಡೆರಡು ಸಲ ಬಂತು. "ನೀವು ಕೂತಿದ್ದೀರಲ್ಲ, ಐಸ್ ಫ್ಯಾಕ್ಟರಿ ಇದ್ದದ್ದು ಇಲ್ಲೇ. ಅಂದ್ರೆ ಆಗಲೂ ಇರಲಿಲ್ಲ, ಕೆಡವಿಬಿಟ್ಟಿದ್ರು. ನಾವು ಹಾಗೇ ಹೇಳೋದು ಅಮ್ಮ, ಇಲ್ಲದ್ದನ್ನೇ ಹೇಳ್ತೀವಿ. ನಾನೂ ಹೇಳಿಬಿಟ್ಟೆ. ಅವಳು ಇಡೀ ಬೀದಿ ಐಸ್ ಫ್ಯಾಕ್ಟರಿ ಹುಡುಕಿದ್ಲು. ಈ ಎದುರು ಮನೇಲಿ ದೋನ್ಯಾ ಪಾಂಚಾ ಅಂತ ಇದ್ರು, ದಿನಸಿ ಅಂಗಡಿ ಇಟ್ಟಿದ್ರು, ತೀರಿಕೊಂಡು ಹನ್ನೆರಡು ವರ್ಷ ಆಯ್ತು. ಅವರನ್ನ ಕೇಳಿದ್ಲಂತೆ, ಐಸ್ ಫ್ಯಾಕ್ಟರಿ ಎಲ್ಲಿ ಅಂತ. ಅಂಗಡಿ ಮುಂದೆ ಇದ್ದವರೆಲ್ಲ ಗೊಳ್ಳಂತ ನಕ್ಕರಂತೆ. ಕರಗಿಹೋಯ್ತು ಕಣಮ್ಮ, ತಡವಾಗಿ ಬಂದೆ ಅಂತ ಯಾವನೋ ತಮಾಷೆ ಮಾಡಿದನಂತೆ. ಆ ಪ್ರಶ್ನೆ ಕೇಳಿದ್ರೇ ಸಾಕಿತ್ತು, ಹೊರಗಿನವಳು ಅಂತ ಗೊತ್ತಾಗೋಕೆ. ನಕ್ಕವರಲ್ಲಿ ಒಬ್ಬ ಕಿವಿ ಇದ್ದ. ಎದ್ದು ಹೋದ."

ತೊಮಾಸಾ ತಂಬಿಗೆಯನ್ನು ನೆಲಕ್ಕಿಟ್ಟಳು.

"ಪಾಂಚಾ ಅವಳಿಗೆ ತೋರಿಸಿದ್ರು. ಇದೇ ಮಗಳೇ ಆ ಮೂಲೆ ಅಂತ. ಅವಳು ಸರಿಯಾಗಿ ಮೇಲಕ್ಕೆ ತಿರುಗಿದ್ಲಂತೆ, ಆ ಕಡೆ, ಹಸಿರು ಬಾಗಿಲ ಕಡೆ. ನಾಲ್ಕೈದು ಹೆಜ್ಜೆ ಇಟ್ಟಿದ್ಲು. ಅಷ್ಟರಲ್ಲಿ ಜೀಪು ಬಂತು. ಅವಳು ಜೀಪನ್ನ ನೋಡಿದ್ಲು, ಆಮೇಲೆ ಮೇಲಕ್ಕೆ ನೋಡಿದ್ಲು, ಆಮೇಲೆ..." ಅವನು ಹಳದಿ ಗೋಡೆಯ ಕಡೆ ಕೈ ತೋರಿಸಿದ. "ಆಮೇಲೆ ತಿರುಗಿ ಕೆಳಗೆ ಓಡಿದ್ಲು. ಮನೆ ಎಲ್ಲಿದೆ ಅಂತ ಅಷ್ಟೊತ್ತಿಗೆ ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಉಲ್ಟಾ ಕಡೆ ಓಡಿದ್ಲು. ಮೇಲಿನ ಮನೇಲಿ ಏಳು ಜನ ಇದ್ರು, ಎಂಟನೆಯವನು ನಾನು. ಗುಂಡಿನ ಸದ್ದು ಕೇಳಿಸ್ತು ನಮಗೆ. ನಾವು ಹಿಂದಿನ ಗೋಡೆ ಹಾರಿ ಉಳಿದ್ವಿ. ಒಂದು ವಾರ ಆದ್ಮೇಲೆ ಪಾಂಚಾ ನನಗೆ ಇದೆಲ್ಲ ಹೇಳಿದ್ರು. ನಾನು ಯಾರಿಗೂ ಹೇಳ್ಲಿಲ್ಲ."

"ಯಾಕೆ?"

"ಹೇಳಿದ್ರೆ ಅವಳು ಯಾಕೆ ಒಬ್ಬಳೇ ಹುಡುಕ್ತಾ ಇದ್ಲು ಅಂತ ಕೇಳ್ತಾರಲ್ಲ."

"ಯಾಕೆ ಹುಡುಕ್ತಾ ಇದ್ಲು ಒಬ್ಬಳೇ?"

ಅವನು ಅದನ್ನೂ ಹೇಳಿದ. ಮುಂದೆ ನಡಿ ಎಂದು ಅವಳು ಕೇಳಿದ್ದನ್ನು ಹೇಳಿದ, ತನ್ನ ಪ್ಯಾಂಟಿನ ಹಿಂದಿನ ತೇಪೆಯನ್ನು ಹೇಳಿದ, ಬೇರೆ ಬೀದಿಯಿಂದ ಓಡಿಹೋಗಿ ಹಸಿರು ಬಾಗಿಲಿನ ಮನೆಯ ಕುರ್ಚಿಯಲ್ಲಿ ಬಾಗಿಲಿಗೆ ಎದುರಾಗಿ ಕೂತು, ಅವಳು ಒಳಗೆ ಬಂದಾಗ ಮೊದಲು ತನ್ನ ಮುಖ ಕಾಣಲಿ ಎಂದು ಕೂದಲು ಬಾಚಿಕೊಂಡದ್ದನ್ನು ಹೇಳಿದ. ತನ್ನ ದನಿಯನ್ನು ಕೇಳಿ ಅವನಿಗೇ ಅಸಹ್ಯವಾಯಿತು. ಐವತ್ತು ಸಾವಿರ ಜನ ಸತ್ತರೆಂದು ಹೇಳುವ, ಆ ಸರ್ವಾಧಿಕಾರಿಯ ವಂಶವನ್ನೇ ದೇಶಬಿಟ್ಟು ಓಡಿಸಿದ, ಪುಸ್ತಕಗಳಲ್ಲಿ ದಪ್ಪಕ್ಷರದಲ್ಲಿ ಅಚ್ಚಾದ ಒಂದು ದಂಗೆಯೊಳಗೆ ಎರಡು ಅಂಗೈ ಅಗಲದ ಕಂದು ಬಟ್ಟೆ.

"ಮೂವತ್ತು ವರ್ಷ," ಎಂದಳು ತೊಮಾಸಾ. ಮೊದಲು ಮೆಲ್ಲಗೆ, ಆಮೇಲೆ ಅವಳ ದನಿ ಏರಿತು. "ಮೂವತ್ತು ವರ್ಷ! ಒಂದು ಕಾಗದ ಹಾಕೋಕಾಗಲಿಲ್ವಾ ನಿಂಗೆ? ಅಂಚೆಯವನಂತೆ! ಊರಿಗೆಲ್ಲ ಹಂಚ್ತೀಯಂತೆ!"

ಒಳಗೆ ತೊರಿಬಿಯೋ ರೇಡಿಯೋವನ್ನು ಸಣ್ಣಗೆ ಮಾಡಿದ. ಹೊಡೆದರೆ ಹೊಡೆಸಿಕೊಳ್ಳಬೇಕೆಂದು ಇಲಾರಿಯೋ ಮುಖವನ್ನು ಸ್ವಲ್ಪ ಮುಂದಕ್ಕೆ ತಂದ. ಅವಳು ಹೊಡೆಯಲಿಲ್ಲ. ಟವೆಲ್ಲನ್ನು ತಲೆಯಿಂದ ತೆಗೆದು ಮುಖಕ್ಕೆ ಒತ್ತಿಕೊಂಡಳು. ಸೈಕಲ್ಲೊಂದು ಹೋಯಿತು, ಐಸ್ ಕ್ಯಾಂಡಿಯವನು ಗಂಟೆ ಬಾರಿಸುತ್ತ ಹೋದ. ಟವೆಲ್ ತೆಗೆದಾಗ ಅವಳ ಮುಖ ಒದ್ದೆಯಾಗಿತ್ತು, ಆದರೆ ಬಸ್ಸಿನಿಂದ ಇಳಿದಾಗ ಅಲ್ಲಿದ್ದ ಏನೋ ಒಂದು ಬಿಗಿ ಹೋಗಿತ್ತು.

"ಯಾರು ಹಾಕಿದ್ದು ಆ ತೇಪೆ?"

"ನಮ್ಮಮ್ಮ."

"ಹೊಲಿಗೆ ಸರಿ ಇತ್ತಾ?"

"ತುಂಬ ಚೆನ್ನಾಗಿತ್ತು."

"ಅವಳ ಲಂಗದ ಹಿಂದೆ ಎಷ್ಟು ತೇಪೆ ಇತ್ತು ಗೊತ್ತಾ? ಮೂರು. ನಾನೇ ಹಾಕಿದ್ದು, ನಮ್ಮಲ್ಲಿ ಸಿಕ್ಕ ಬಟ್ಟೆಲಿ. ಒಂದು ಹಿಟ್ಟಿನ ಚೀಲದ್ದು, ಕಂಪನಿ ಅಕ್ಷರ ಕೂಡ ಹೋಗಿರಲಿಲ್ಲ. ಈ ಲಂಗ ಹಾಕ್ಕೊಂಡು ಲೆಯೋನಿಗೆ ಹೋಗಲ್ಲ ಅಂತ ಅವಳು, ಬೇರೆ ಇಲ್ಲ ಕಣೇ ಅಂತ ನಾನು. ಜಗಳ ಅಂದ್ನಲ್ಲ, ಅದೇ ಜಗಳ. ನೀನು ನೋಡ್ಲಿಲ್ವಾ?"

"ಇಲ್ಲ. ಅವಳು ಮೂಟೆಗೆ ಒರಗಿ ನಿಂತಿದ್ಲು. ಕದಲಲೇ ಇಲ್ಲ."

"ಹ್ಞೂಂ," ಎಂದಳು ತೊಮಾಸಾ. ಅವಳ ತುಟಿ ನಡುಗಿತು, ಆ ನಡುಕದಲ್ಲೇ ನಗುವೂ ಇತ್ತು. "ಅದಕ್ಕೇ ನಿಂಗೆ ಮುಂದೆ ನಡಿ ಅಂದಿರೋದು ಆ ಕಳ್ಳಿ."

ಹಿಟ್ಟಿನ ಮೂಟೆಗಳಿಗೆ ಬೆನ್ನು ಒತ್ತಿ ನಿಂತ ಹತ್ತೊಂಬತ್ತು ವರ್ಷದ ಹುಡುಗಿ, ಬಾಗಿಲಿಗೆ ಬೆನ್ನು ಒತ್ತಿ ನಿಂತ ಇಪ್ಪತ್ತೆರಡು ವರ್ಷದ ಹುಡುಗ, ಇಬ್ಬರೂ ಎದೆ ಮುಂದೆ ಮಾಡಿಕೊಂಡು ದೇಶದ ಬಿಡುಗಡೆಯ ಮಾತಾಡುತ್ತಿದ್ದರು. ಯಾರಾದರೂ ಒಬ್ಬರು ತಿರುಗಿದ್ದರೆ ಸಾಕಿತ್ತು, ಇಬ್ಬರೂ ನಕ್ಕುಬಿಡುತ್ತಿದ್ದರು. ಇಲಾರಿಯೋಗೆ ಅಳು ಬಂತು. ಅವಳು ಸತ್ತ ದಿನ ಬಂದಿರಲಿಲ್ಲ, ಗೆದ್ದ ದಿನ ಚೌಕದಲ್ಲಿ ಎಲ್ಲರೂ ತಬ್ಬಿಕೊಂಡು ಅತ್ತಾಗಲೂ ಬಂದಿರಲಿಲ್ಲ. ಪಂಕ್ಚರ್ ಅಂಗಡಿಯ ಮುಂದೆ ಟೈರಿನ ಮೇಲೆ ಕೂತು ಅವನು ಮಕ್ಕಳ ಹಾಗೆ ಅತ್ತ. ಮುದುಕಿ ತನ್ನ ಒದ್ದೆ ಟವೆಲ್ಲನ್ನೇ ಅವನ ಕೈಗೆ ತುರುಕಿದಳು.

"ಸಾಕು. ಕಲ್ಲಿನ ಮೇಲೆ ಏನು ಬರೆಸ್ತೀಯ ಈಗ?"

"ನೀವು ಹೇಳಿದ್ದನ್ನ."

"ಕಾಂದೆಲಾರಿಯಾ ಅಂತ ಬರಿ. ದಾರಿ ಗೊತ್ತಿತ್ತು ಅಂತ ಬರಿ. ಅಷ್ಟು ಸಾಕು ಕಲ್ಲಿಗೆ. ಪುಸ್ತಕಕ್ಕೆ ಮಾತ್ರ ಎಲ್ಲ ಬರೀಬೇಕು."

"ತೇಪೆಯನ್ನೂ?"

"ತೇಪೆ ಬಿಟ್ಟು ಬರೆದ್ರೆ ಯಾರು ನಂಬ್ತಾರೆ ಮಗಾ? ನನ್ನ ನಾದಿನಿಯಂತೂ ನಂಬಲ್ಲ. ನಿಂದೂ ಬರಿ, ಅವಳದೂ ಬರಿ."

ಅವಳು ಕುರ್ಚಿಯ ಕೈ ಹಿಡಿದು ಎದ್ದಳು, ಚೀಲ ಹೆಗಲಿಗೆ ಹಾಕಿಕೊಂಡಳು. ಹಳದಿ ಗೋಡೆಯ ಕಡೆಗೆ ಹೋಗುತ್ತಾಳೆ ಎಂದುಕೊಂಡು ಅವನು ಕೆಳಗೆ ತಿರುಗಿದ. ಅವಳು ಅಲ್ಲಾಡಲಿಲ್ಲ.

"ಆ ಕಡೆ ಆಮೇಲೆ. ಮೊದಲು ಹಸಿರು ಬಾಗಿಲಿಗೆ ಕರ್ಕೊಂಡು ಹೋಗು. ಅವಳು ಹೋಗಬೇಕಾಗಿದ್ದು ಅಲ್ಲಿಗೆ ತಾನೇ."

"ಬಾಗಿಲು ಈಗ ನೀಲಿ ಅಮ್ಮ."

"ನಿಮ್ಮೂರಿನವರಿಗೆ ಅದೊಂದು ಲೆಕ್ಕವಾ? ನೀನು ಮುಂದೆ ನಡಿ. ನಾನು ಹಿಂದೆ ಬರ್ತೀನಿ."

ಅವನು ಎದ್ದು ನಾಲ್ಕು ಹೆಜ್ಜೆ ಇಟ್ಟಿದ್ದ, ಹಿಂದಿನಿಂದ ಅವಳ ದನಿ ಬಂತು. "ಏ ಮಗಾ, ನಿನ್ನ ಪ್ಯಾಂಟಿನ ಹಿಂದೆ ಟೈರಿನ ಮಸಿ. ಇಷ್ಟು ದೊಡ್ಡದು. ಏನ್ ಚೆಂದ ಕಾಣ್ತಿದೆ ಅಂತೀಯಾ!" ಒಳಗಿನಿಂದ ತೊರಿಬಿಯೋ ನಗೆಯಾಡಿದ್ದು ಕೇಳಿಸಿತು. ಇಲಾರಿಯೋನ ಬಲಗೈ ತಾನಾಗಿ ಹಿಂದಕ್ಕೆ ಹೊರಟಿತು, ಸೊಂಟದವರೆಗೆ ಹೋಗಿ ನಿಂತಿತು. ಅವನು ಕೈಯನ್ನು ಮತ್ತೆ ಮುಂದಕ್ಕೆ ತಂದು ಪಕ್ಕಕ್ಕೆ ಇಳಿಬಿಟ್ಟ. ಬೀದಿ ನೆಟ್ಟಗೆ ಮೇಲಕ್ಕೆ ಹೋಗುತ್ತಿತ್ತು, ಮಧ್ಯಾಹ್ನದ ಬಿಸಿಲಿನಲ್ಲಿ ಎರಡೂ ಅಡ್ಡರಸ್ತೆ ಇಲ್ಲಿಂದಲೇ ಕಾಣುತ್ತಿದ್ದವು. ಮುದುಕಿಯ ಚಪ್ಪಲಿಯ ಸದ್ದು ಹತ್ತು ಹೆಜ್ಜೆ ಹಿಂದೆ ಬರುತ್ತಿತ್ತು. ಅವಳು ಆಯಾಸಪಡಬಾರದೆಂದು ಅವನು ನಿಧಾನವಾಗಿ, ತುಂಬ ನಿಧಾನವಾಗಿ ನಡೆದ.